ಆರು ಕೋಳಿ, ಆಯಿಯ ಕೈಗುಣ

ಹೋದ ಶನಿವಾರ ರಿಚ್ಮಂಡ್ ಹಿಲ್ಲಿನ ಅಂಗಡಿಯೊಂದರಲ್ಲಿ ಮಗಳ ಮೊಲದ ಗೂಡಿಗೆ ಹಾಸಲೆಂದು ಮರದ ಹೊಟ್ಟಿನ ಚೀಲ ಕೊಂಡೆ. ಚೀಲದ ಮೂಲೆ ಹರಿದಿತ್ತು. ಕಾರಿನ ಹೀಟರ್ ಬಿಸಿಯಾಗುತ್ತಿದ್ದಂತೆ ಹಸಿ ಪೈನ್ ಮರದ ವಾಸನೆ ಒಳಗೆಲ್ಲ ತುಂಬಿಕೊಂಡಿತು. ಹಿಂದಿನ ಸೀಟಿನಲ್ಲಿದ್ದ ಮಗಳು ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಅದರ ಬೆನ್ನಿಗೇ ನೀಲಗಿರಿ ಎಣ್ಣೆಯ ಘಾಟೂ ಬಡಿಯಿತು. ಅದು ಆ ಚೀಲದಲ್ಲಿ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ಜಾರ್ಜ್‌ಟೌನಿನ ನಮ್ಮ ಹಿತ್ತಲಲ್ಲಿದ್ದ ಕೋಳಿಗೂಡಿನಲ್ಲಿ ಈ ಎರಡೂ ವಾಸನೆ ಒಟ್ಟಿಗಿದ್ದವು. ಮನಸ್ಸು ಒಂದನ್ನು ಕಂಡರೆ ಇನ್ನೊಂದನ್ನು ತಾನೇ ಕೈಹಿಡಿದು ತರುತ್ತದೆ. ನಿಮಗೂ ಇಂಥ ವಾಸನೆ ಒಂದಾದರೂ ಇರಬಹುದು. ನನ್ನದು ಸುಖದ್ದಲ್ಲ. ಸಿಗ್ನಲ್ ಹಸಿರಾದರೂ ನಾನು ಹೊರಡಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು.

ನಮ್ಮದು ಊರಂಚಿನ ಹಳೆಯ ಬಾಡಿಗೆ ಮನೆ, ಆಚೆಗೆ ಬರೀ ಗೋವಿನಜೋಳದ ಹೊಲ. ಅಪ್ಪ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ, ಅವ್ವ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದಳು. ಇಬ್ಬರ ಶಿಫ್ಟುಗಳ ನಡುವೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಆಯಿ. ಬೆಳಗಾವಿ ಕಡೆಯವರಾದ ನಾವು ಅಪ್ಪನ ತಾಯಿಯನ್ನು ಆಯಿ ಎನ್ನುತ್ತೇವೆ. ಅಜ್ಜ ತೀರಿಕೊಂಡ ಮೇಲೆ ಅಪ್ಪ ಆಕೆಯನ್ನು ಊರಿನಿಂದ ಈ ದೇಶಕ್ಕೆ ಕರೆತಂದಿದ್ದ. ಮೊದಲ ಚಳಿಗಾಲವಿಡೀ ಆಯಿ, ಒಂದು ಹುಂಜವೂ ಕೂಗದ ಇದು ಎಂಥಾ ಊರು ಎಂದು ಬೈಯುತ್ತಾ ಕೂತಿದ್ದಳು. ಆ ಬೈಗುಳ ಬೇಲಿಯಾಚೆಗೂ ಮುಟ್ಟಿತೋ ಏನೋ, ಹಿಮ ಕರಗಿದ ಮೇಲೆ ಪಕ್ಕದ ಮನೆಯ ಡೊರೋಥಿ ರಟ್ಟಿನ ಪೆಟ್ಟಿಗೆಯಲ್ಲಿ ಆರು ಎಳೆ ಹೇಂಟೆಗಳನ್ನು ತಂದುಕೊಟ್ಟಳು. ಆಕೆಯೂ ಗಂಡನನ್ನು ಕಳಕೊಂಡವಳು, ಜೀವಮಾನವಿಡೀ ಕೋಳಿ ಸಾಕಿದವಳು. ಆಯಿಯ ಬಾಯಲ್ಲಿ ಒಂದೇ ವಾರಕ್ಕೆ ಅವಳು ದುರಗವ್ವ ಆದಳು. ಇವಳಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ಆದರೂ ಸಂಜೆ ಬೇಲಿಯ ಆಚೆಗೊಬ್ಬಳು ಈಚೆಗೊಬ್ಬಳು ನಿಂತರೆ ಕತ್ತಲಾಗುವುದೇ ಗೊತ್ತಾಗುತ್ತಿರಲಿಲ್ಲ. ನಡುವೆ ಮಾತು ದಾಟಿಸುವ ಕೆಲಸ ಒಂಬತ್ತು ವರ್ಷದ ನನ್ನದು. ದೊಡ್ಡವರ ಮಾತು ನನ್ನನ್ನು ಹಾಯದೆ ದಾಟುವಂತಿಲ್ಲ ಎಂಬ ಜಂಬ ನನಗೆ ಸಾಕಷ್ಟಿತ್ತು.

ಆಯಿಗೆ ಕೈಗುಣವಿದೆ ಎಂದು ಬೆಳಗಾವಿ ಕಡೆಯ ನಮ್ಮೂರಲ್ಲೆಲ್ಲ ಹೆಸರು. ಆಕೆ ಊರಿದ ಬಳ್ಳಿ ಹಬ್ಬುತ್ತದೆ, ನೀರೆರೆದ ಕೂಸು ಅಳದೆ ಮಲಗುತ್ತದೆ ಎಂದು ಮಂದಿ ಮನೆಗೆ ಬಂದು ಕರೆದೊಯ್ಯುತ್ತಿದ್ದರಂತೆ. ಇಲ್ಲಿ ಅದನ್ನು ಕೇಳುವವರಿರಲಿಲ್ಲ. ಜೂನಿನಲ್ಲಿ ಒಂದು ಗಿಡುಗ ಚುಕ್ಕಿ ಎಂಬ ಹೇಂಟೆಯ ಮೇಲೆ ಎರಗಿ ಬೆನ್ನಿನ ಚರ್ಮವನ್ನು ಅಂಗೈ ಅಗಲ ಸೀಳಿಹಾಕಿತು. ಒಂದು ಕಾಲೂ ಮುರಿಯಿತು. ದುರಗವ್ವ ನೋಡಿ ತಲೆಯಾಡಿಸಿ, ಕತ್ತಿನ ಹತ್ತಿರ ಕೈ ತಿರುವಿ ತೋರಿಸಿದಳು. ಅದನ್ನು ನಾನು ಕನ್ನಡಕ್ಕೆ ತರಬೇಕಿರಲಿಲ್ಲ. ಆಯಿ ಉಪ್ಪುನೀರಲ್ಲಿ ಗಾಯ ತೊಳೆದು, ಬಿಸಿ ಎಣ್ಣೆಯಲ್ಲಿ ಅರಿಶಿನ ಕಲಸಿ ಮೆತ್ತಿ, ಐಸ್‌ಕ್ರೀಮ್ ಕಡ್ಡಿ ಇಟ್ಟು ಕಾಲು ಕಟ್ಟಿದಳು. ಹನ್ನೆರಡು ದಿನ ಬೆರಳಿನಿಂದ ಗಂಜಿ ಕುಡಿಸಿದಳು. ಚುಕ್ಕಿ ಬದುಕಿತು. ಕುಂಟುತ್ತಿದ್ದರಿಂದ, ಉಳಿದವು ಸಾಲಾಗಿ ಮಲಗುವ ಅಟ್ಟಣಿಗೆಯ ಕೋಲು ಹತ್ತಲಾಗದೆ ಕೆಳಗೊಂದು ಮೂಲೆಯಲ್ಲಿ ಒಂಟಿಯಾಗಿ ಮಲಗುತ್ತಿತ್ತು, ಅಷ್ಟೆ. ದುರಗವ್ವ ಬೇಲಿಯ ಮೇಲಿಂದ ಆಯಿಯ ಎರಡೂ ಕೈ ಹಿಡಿದುಕೊಂಡು ತಿರುಗಿಸಿ ನೋಡಿದಳು. ಈ ದೇಶಕ್ಕೆ ಬಂದ ಮೇಲೆ ಆಯಿ ಅಷ್ಟು ನಕ್ಕಿದ್ದನ್ನು ನಾನು ಅವತ್ತೇ ಕಂಡದ್ದು.

ಅಕ್ಟೋಬರಿನ ಕೊನೆಗೆ ಕೆಂಪಿ ಸೀನತೊಡಗಿತು. ಕೆಂಪಿ ನನ್ನದು. ಶಾಲೆಯ ಬಸ್ಸು ನಿಂತರೆ ಓಡಿಬಂದು ನನ್ನ ಬೂಟಿನ ದಾರ ಕುಕ್ಕುವ ಕೋಳಿ ಅದು. ಕಣ್ಣಲ್ಲಿ ನೊರೆ ಕಟ್ಟಿತ್ತು, ಉಸಿರಾಡಿದರೆ ಗೊರಗೊರ ಸದ್ದು. ಆಯಿ ಬೋಗುಣಿಯಲ್ಲಿ ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ ಅದಕ್ಕೆ ಹಬೆ ಕೊಟ್ಟಳು, ಬೆಳ್ಳುಳ್ಳಿ ಜಜ್ಜಿ ತಿನ್ನಿಸಿದಳು. ದುರಗವ್ವ ಬಂದು ನೋಡಿದವಳೇ ನನ್ನನ್ನು ಪಕ್ಕಕ್ಕೆ ಕರೆದು, ಇದು ಉಳಿದವಕ್ಕೂ ಹತ್ತುವ ರೋಗ, ಇದನ್ನು ಈಗಲೇ ಬೇರೆ ಮಾಡಿ ಗರಾಜಿನಲ್ಲಿಡಿ, ಮುಟ್ಟಿದ ಕೈ ತೊಳೆಯದೆ ಬೇರೆ ಕೋಳಿ ಮುಟ್ಟಬೇಡಿ, ಎರಡು ದಿನದಲ್ಲಿ ಚೇತರಿಸದಿದ್ದರೆ ನನಗೆ ಕೊಡಿ, ನೋವಾಗದ ಹಾಗೆ ಮುಗಿಸುತ್ತೇನೆ ಎಂದಳು. ಎಲ್ಲವನ್ನೂ ಆಯಿಗೆ ಹೇಳು ಎಂದು ಎರಡೆರಡು ಸಲ ಹೇಳಿದಳು. ನಾನು ಬೇಲಿಯಿಂದ ಗೂಡಿನವರೆಗೆ ನಡೆದು ಬಂದೆ. ಇಪ್ಪತ್ತು ಹೆಜ್ಜೆ ಇರಬಹುದು. ಅಷ್ಟರಲ್ಲಿ ನನ್ನ ಕಣ್ಣ ಮುಂದೆ ಗರಾಜಿನ ಕತ್ತಲು, ಅಲ್ಲಿ ಒಬ್ಬಳೇ ಗೊರಗುಟ್ಟುವ ಕೆಂಪಿ, ಆಮೇಲೆ ದುರಗವ್ವನ ಕೈ, ಎಲ್ಲ ಬಂದು ಹೋದವು. ಆಯಿ ಕೇಳಿದಾಗ, ಬೆಚ್ಚಗಿಡಬೇಕಂತೆ ಎಂದೆ. ಅಷ್ಟನ್ನೇ ಹೇಳಿದೆ.

ನಮ್ಮ ಮನೆಯ ಪದ್ಧತಿ ನನಗೆ ಗೊತ್ತಿತ್ತು. ಯಾರಿಗೆ ಜ್ವರ ಬಂದರೂ ಹಾಸಿಗೆ ಮಲಗುವ ಕೋಣೆಯಲ್ಲಲ್ಲ, ನಡುಮನೆಯಲ್ಲಿ. ಬಂದವರು, ಹೋದವರು, ತಟ್ಟೆ ಬಟ್ಟಲಿನ ಸದ್ದು, ಎಲ್ಲದರ ನಡುವೆಯೇ ಮಲಗಬೇಕು. ಊರಲ್ಲಂತೂ ಕಾಯಿಲೆಯವರನ್ನು ಮಾತಾಡಿಸಲು ಇಡೀ ಓಣಿ ಬರುತ್ತಿತ್ತಂತೆ, ಬಾರದವರ ಮೇಲೆ ವರ್ಷಗಟ್ಟಲೆ ಸಿಟ್ಟು. ಆಯಿ ಕೆಂಪಿಯನ್ನು ಎತ್ತಿಕೊಂಡು ಹೋಗಿ ಅಟ್ಟಣಿಗೆಯ ನಟ್ಟನಡುವೆ, ಎಡಕ್ಕೆರಡು ಬಲಕ್ಕೆರಡು ಕೋಳಿಗಳ ಮಧ್ಯೆ ಕೂರಿಸಿದಳು.

"ಜಡ್ಡ ಆದವ್ರನ್ನ ಒಬ್ಬಂಟಿ ಬಿಡಬಾರ್ದವ್ವಾ," ಎಂದಳು. "ಮಂದಿ ಉಸಿರಿನಾಗ ಇದ್ರ ಅರ್ಧಾ ಜಡ್ಡ ಅಲ್ಲೇ ಹೋಗತೈತಿ."

ವಾರದಲ್ಲಿ ನಾಲ್ಕೂ ಸೀನಿದವು. ಕೆಂಪಿ ಮೊದಲು ಹೋಯಿತು, ಆಮೇಲೆ ದಿನಕ್ಕೊಂದರಂತೆ ಉಳಿದವು. ಆಯಿ ಒಂದೊಂದನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಹೊಲದಂಚಿಗೆ ಹೂಳಿದಳು. ನೆಲ ಆಗಲೇ ಗಟ್ಟಿಯಾಗತೊಡಗಿತ್ತು, ಅಗೆಯುವಾಗ ಸಲಿಕೆ ಟಣ್ ಎನ್ನುತ್ತಿತ್ತು. ಕೊನೆಯದನ್ನು ಹೂಳುತ್ತಿದ್ದಾಗ ದುರಗವ್ವ ಬೇಲಿಯ ಹತ್ತಿರ ಬಂದು, ನಾನು ಹೇಳಿದ್ದನ್ನು ನಿನ್ನ ಅಜ್ಜಿಗೆ ಹೇಳಿದೆಯಾ ಎಂದು ನನ್ನನ್ನು ಕೇಳಿದಳು. ಹೇಳಿದೆ ಎಂದೆ. ಎಲ್ಲಾ? ಎಲ್ಲಾ. ಅವಳು ಆಯಿಯ ಕಡೆ ನೋಡಿದ ನೋಟ ನನಗಿನ್ನೂ ಮರೆತಿಲ್ಲ. ಹೇಳಿದರೂ ಕೇಳದ ಮೊಂಡು ಮುದುಕಿಯನ್ನು ನೋಡುವ ನೋಟ ಅದು.

"ಏನಂತಾಳವ್ವಾ ಆಕಿ?" ಆಯಿ ಸಲಿಕೆ ಊರಿ ಕೇಳಿದಳು.

"ಪಾಪ ಅಂತಾಳ," ಎಂದೆ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಆಗ ನನಗೆ ಗೊತ್ತಿರಲಿಲ್ಲ, ಆದರೆ ಮೇಯ್ದದ್ದು ನಾನೇ. ದುರಗವ್ವ ಆಮೇಲೆ ಬೇಲಿಯ ಹತ್ತಿರ ಬರುವುದನ್ನು ಬಿಟ್ಟಳು. ದೂರದಿಂದ ಕೈ ಬೀಸುತ್ತಿದ್ದಳು, ಅಷ್ಟೆ. ಆಯಿ ಕೆಲವು ಸಂಜೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಹೋಗಿ ನಿಂತು ಕಾದಳು. ಆಮೇಲೆ ಅವಳೂ ಬಿಟ್ಟಳು. ಉಳಿದದ್ದು ಕುಂಟು ಚುಕ್ಕಿ ಒಂದೇ. ಹೆಚ್ಚುಕಡಿಮೆ ಖಾಲಿಯಾದ ಗೂಡಿನ ಮುಂದೆ ಬಕೆಟ್ ಬೋರಲು ಹಾಕಿ ಕೂತು ಕೂತು ಆಯಿ ತಾನಾಗಿಯೇ ಲೆಕ್ಕ ಹಾಕಿದಳು. ಅದು ಬೇರೆ ಮಲಗುತ್ತಿತ್ತು, ಅದಕ್ಕೇ ಉಳಿಯಿತು. ಮಿಕ್ಕವನ್ನು ಕೂಡಿಹಾಕಿ ನಾನೇ ಕೊಂದೆ, ನನ್ನ ಕೈಗುಣ ಹೋಯಿತು ಎಂದು ಅಪ್ಪನ ಎದುರು ಒಂದೇ ಒಂದು ಸಲ ಹೇಳಿದಳು. ಅಪ್ಪ ನಕ್ಕು, ಕೋಳಿಯನ್ನೆಲ್ಲ ಯಾರಾದರೂ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಾರಾ ಎಂದ. ನಾನು ಅಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ.

ಮುಂದಿನ ವಸಂತದಲ್ಲಿ ಆಯಿ ಮೆಂತ್ಯ ಬಿತ್ತಲಿಲ್ಲ, ಬೀಜದ ಪೊಟ್ಟಣವನ್ನು ಅವ್ವನ ಕೈಗೆ ಕೊಟ್ಟಳು. ಅದೇ ವರ್ಷ ನನ್ನ ತಂಗಿ ಹುಟ್ಟಿದಳು. ನಮ್ಮಲ್ಲಿ ಕೂಸಿಗೆ ಎರೆಯುವವಳು ಅಜ್ಜಿಯೇ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಬೇಕು. ಅವ್ವ ಎಣ್ಣೆ ಬಿಸಿಮಾಡಿಟ್ಟು ಕಾದಳು. ಆಯಿ ಬಾತ್‌ರೂಮಿನ ಬಾಗಿಲಲ್ಲಿ ನಿಂತು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ನೀನೇ ಎರಿ ಎಂದಳು. ಎರಡನೆಯದೂ ಹೆಣ್ಣಾಯಿತೆಂದು ಅತ್ತೆಗೆ ಅಸಮಾಧಾನ ಎಂದು ಅವ್ವ ಭಾವಿಸಿದಳು, ಬಹಳ ದಿನ ಅತ್ತಳು. ಇದನ್ನೂ ನಾನು ಒಂದೇ ಮಾತಿನಲ್ಲಿ ಸರಿಮಾಡಬಹುದಿತ್ತು. ಇಂದು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುತ್ತಾ ಹತ್ತಾರು ವರ್ಷ ಕಳೆದೆ. ಸುಳ್ಳಿಗೂ ವಯಸ್ಸಾಗುತ್ತದೆ, ವಯಸ್ಸಾದಷ್ಟೂ ಅದನ್ನು ಎಬ್ಬಿಸಲು ಭಯವಾಗುತ್ತದೆ.

ಆಮೇಲೆ ಆ ಸೋಂಕಿನ ವರ್ಷ ಬಂತು. ಆಯಿಯನ್ನು ಆಸ್ಪತ್ರೆಗೆ ಸೇರಿಸಿದರು. ಆಗ ಎಲ್ಲ ಕಡೆ ಇದ್ದ ನಿಯಮವೇ ಅಲ್ಲೂ, ಒಳಗೆ ಯಾರೂ ಹೋಗುವಂತಿಲ್ಲ. ನನ್ನ ಮಗಳಿಗೆ ಆಗ ಮೂರು ತಿಂಗಳು. ಒಬ್ಬ ದಯವಂತ ನರ್ಸ್ ಫೋನನ್ನು ಆಯಿಯ ಮುಖದ ಮುಂದೆ ಹಿಡಿದು, ತಾನು ಹೇಳಿದ್ದನ್ನು ಆಯಿಗೆ ಕನ್ನಡದಲ್ಲಿ ಹೇಳಲು ನನಗೆ ಹೇಳಿದಳು. ಅವತ್ತು ನಾನು ಒಂದು ಮಾತನ್ನೂ ಬಿಡಲಿಲ್ಲ. ಆಕ್ಸಿಜನ್ ಏಕೆ, ಬೋರಲು ಮಲಗುವುದು ಏಕೆ, ಕೋಣೆಯಲ್ಲಿ ಒಬ್ಬಳೇ ಇರಬೇಕಾದದ್ದು ಏಕೆ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಯಿ ಮಾಸ್ಕನ್ನು ತುಸು ಸರಿಸಿದಳು.

"ನೀ ಬರಬ್ಯಾಡವ್ವಾ. ಕೂಸ ಇರೂ ಮನಿ. ಆ ಕೋಳಿಗೋಳ್ನ ಕೂಡಿಹಾಕಿ ನಾ ಮಾಡಿದ ತಪ್ಪ ಸಾಕು."

ಬಾಯಿ ತೆರೆದೆ. ಪಕ್ಕದಲ್ಲಿ ಅಪ್ಪ, ಅವ್ವ, ತಂಗಿ ಎಲ್ಲರೂ ಪರದೆಗೆ ಮುಖವಿಟ್ಟು ಕೂತಿದ್ದರು. "ಹೂಂ, ಆಯಿ," ಎಂದೆ. ಮೂರನೆಯ ದಿನ ಬೆಳಿಗ್ಗೆ ಫೋನು ಬಂತು.

ಜಾರ್ಜ್‌ಟೌನಿನ ಆ ಮನೆ ಈಗಿಲ್ಲ, ಗೋವಿನಜೋಳದ ಹೊಲದ ತುಂಬ ಸಾಲುಮನೆಗಳು ಎದ್ದಿವೆ. ದುರಗವ್ವ ಆಯಿಗಿಂತ ಎಷ್ಟೋ ಮೊದಲೇ ಹೋದಳು. ನಾನು ಈ ಮಾತನ್ನು ಹೇಳಬೇಕಾಗಿದ್ದ ಇಬ್ಬರಲ್ಲಿ ಒಬ್ಬರೂ ಉಳಿದಿಲ್ಲ, ಅದಕ್ಕೇ ಅವರನ್ನು ಕಂಡಿರದ ನಿಮ್ಮ ಮುಂದೆ ಹೇಳುತ್ತಿದ್ದೇನೆ. ನಮ್ಮ ಆಯಿ ಮೊಂಡು ಮುದುಕಿ ಆಗಿರಲಿಲ್ಲ. ಅವಳ ಕೈಯಲ್ಲಿ ಏನೂ ದೋಷವಿರಲಿಲ್ಲ.