ಹೊಗೆಯಿಲ್ಲದ ಧೂಪ

ನನ್ನ ಅಮ್ಮನಿಗೆ ಒಂದು ಮಾತು ಹೇಳಿ ಕೇಳಿಸುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿಯುತ್ತದೆ. ಜ್ವರ ಬಂದು ಹೋದ ಮೇಲೆ ಅವಳ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿಲ್ಲ. ಹಂಗಾರಕಟ್ಟೆಯಲ್ಲಿ ಮೀನು ಮಾರಿ ನಮ್ಮನ್ನು ಸಾಕಿದವಳು. ಬಂಗುಡೆಯನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಇವತ್ತಿನದೋ ನಿನ್ನೆಯದೋ ಹೇಳುತ್ತಿದ್ದಳು. ಈಗ ದೋಣಿಗಳು ಬಂದು ನಿಲ್ಲುವ ಮೀನಿನ ದಕ್ಕೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಕಿವಿರು ನೋಡಿ ತೆಗೆದುಕೋ ಎಂದರೆ, "ಕಣ್ಣಂಗೆ ಕಂಡ್ ಮೀನ್ ತಕಂಬುಕೆ ನಾನೆಂತ ಪೇಟಿಯವ್ಳಾ?" ಎಂದು ನನ್ನ ಮೇಲೇ ಹಾರುತ್ತಾಳೆ.

ದಿನಾ ಗಾಢವಾದ ಪರಿಮಳ ಮೂಸಬೇಕು ಎಂದರು ಡಾಕ್ಟರು. ಲವಂಗ, ನಿಂಬೆ, ಏಲಕ್ಕಿ ಎಲ್ಲ ಆಯಿತು. ಕಡೆಗೆ ದುಬೈಯ ಹೋಟೆಲಿನಲ್ಲಿರುವ ಭಾವ ಊರಿಗೆ ಬರುವಾಗ ಅಗರು ಮರದ ಚೂರುಗಳನ್ನು ತಂದರು. ಇದನ್ನು ಸುಡಬಾರದು, ಬೆಚ್ಚಗೆ ಮಾಡಬೇಕು ಎಂದು ಮಾಡಿಯೂ ತೋರಿಸಿದರು. ತೆಂಗಿನ ಗೆರಟೆಯ ಕೆಂಡವನ್ನು ಮಡಕೆಗೆ ಹಾಕಿ, ಮೇಲೆ ಜರಡಿ ಹಿಡಿದ ಬೂದಿ ಮುಚ್ಚಿ, ಗಾಳಿಯಾಡಲು ಕಡ್ಡಿಯಿಂದ ತೂತು ಮಾಡಿ, ಬೂದಿಯ ಮೇಲೆ ಚೂರು ಇಡುವುದು. ಹೊಗೆ ಏಳಕೂಡದು.

ಇಷ್ಟೇ ಕೆಲಸ. ಆದರೆ ನಮ್ಮ ಮನೆಯಲ್ಲಿ ಅದು ನಡೆಯಬೇಕಲ್ಲ! ನಮ್ಮ ಕಡೆ ಧೂಪವೆಂದರೆ ಹೊಗೆ. ಬಾಣಂತಿಯ ತಲೆಗೂ ಹೊಗೆ, ಮಗುವಿನ ತೊಟ್ಟಿಲಿಗೂ ಹೊಗೆ, ಸಂಜೆ ಸೊಳ್ಳೆಗೂ ಹೊಗೆ. ನಾನು ಅತ್ತ ತಿರುಗಿದ್ದೇ ತಡ, ಅಮ್ಮ ಬೂದಿ ಸರಿಸಿ, ಚೂರನ್ನು ಕೆಂಡದ ಮೇಲೇ ಹಾಕಿ, ಬಗ್ಗಿ ಊದಿದಳು. ಭಗ್ಗೆಂದಿತು. ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದಲೇ, "ಹ್ವಾಯ್, ಎಂತ ಸುಟ್ಟ್ ಹೋಯ್ತ್?" ಎಂದು ಕೂಗಿದರು.

"ಊದ್ಬೇಡ ಅಂದ್ರೆ ಕೇಂತಿಲ್ಯಾ ಅಮ್ಮ?"

"ಹೊಗಿ ಬರ್ದಿದ್ರೆ ಅದೆಂತ ಧೂಪ ಹೆಣೆ?" ಎಂದು ಮಗಳಿಗೇ ತಿರುಗಿ ಕೇಳಿದಳು.

"ಪರಿಮಳ ಬಂತಾ?"

"ಎಂತ ಪರಿಮಳ! ಕಣ್ಣ್ ಉರಿತ್ತ್."

ಮರುದಿನವೂ ಅದೇ ಹಾಡು. ಅದರ ಮರುದಿನ ಕಾವಲು ಕೂತೆ. ನೀರು ಕುಡಿದು ಬರುವಷ್ಟರಲ್ಲಿ ಕಡ್ಡಿ ಹಾಕಿ ಕೆದಕಿದ್ದಳು. ನಾನು ಕೂಗಾಡಿದೆ, ಅವಳೂ ಕೂಗಾಡಿದಳು. ಹಾಳಾಗಿ ಹೋಗಲಿ, ಎಲ್ಲ ತೆಂಗಿನ ಬುಡಕ್ಕೆ ಸುರಿದುಬಿಡೋಣ ಎನಿಸಿತು. ಡಬ್ಬಿಯಲ್ಲಿ ಒಂದೇ ಚೂರು ಉಳಿದಿತ್ತು.

ಆ ಕೊನೆಯದಕ್ಕೆ ನಾನು ಬೂದಿಯನ್ನು ದಪ್ಪಗೆ ಪೇರಿಸಿದೆ, ಏನು ಕೆದಕುತ್ತಾಳೋ ನೋಡಿಯೇ ಬಿಡೋಣ ಎಂದು. ಚೂರು ಇಟ್ಟು, ಅವಳ ಎರಡೂ ಕೈ ಹಿಡಿದು ಎದುರಿಗೇ ಕೂತೆ. ಅಮ್ಮ ಕಣ್ಣು ಮುಚ್ಚಿ ಮುಖ ಬಗ್ಗಿಸಿದಳು. ಎಷ್ಟೋ ಹೊತ್ತು ಹಾಗೇ ಇದ್ದಳು.

"ಬಂತ್ ಕಾಣ್," ಎಂದಳು.

"ಹೌದಾ? ಖರೆ?"

"ಹೌದ್ ಮಾರಾಯ್ತಿ. ಲಾಯ್ಕ್ ಪರಿಮಳ. ಇನ್ ನೀ ಬೈಬ್ಯಾಡ."

ನನಗೆ ಖುಷಿಯೋ ಖುಷಿ. ನಾನೂ ಬಗ್ಗಿ ಮೂಸಿದೆ. ಬರೀ ಬೂದಿ. ಅಂಗೈ ಹಿಡಿದರೆ ಬಿಸಿಯೇ ಇಲ್ಲ. ನಾನು ಪೇರಿಸಿದ ಬೂದಿಯಡಿಯಲ್ಲಿ ಕೆಂಡ ಆಗಲೇ ಆರಿಹೋಗಿತ್ತು.

ಯಾರ ಮಾತಿಗೂ ಜಗ್ಗದ ಹೆಂಗಸು ನನ್ನ ಬೈಗುಳಕ್ಕೆ ಸೋತು ಸುಳ್ಳು ಹೇಳಿದಳಲ್ಲ ಎಂದು ಪಾಪವೆನಿಸಿತು, ಸಿಟ್ಟೂ ಬಂತು. ಕೆಂಡದ ವಿಷಯ ಬಾಯಿ ಬಿಡದೆ, "ಎಂತ ಪರಿಮಳ ಅಮ್ಮ? ಹೇಳ್ ಕಾಂಬ," ಎಂದೆ.

ಅವಳು ಕಣ್ಣು ತೆರೆದು ನನ್ನ ಕಡೆ ತಿರುಗಿದಳು.

"ನೀನೇ ಹೇಳ್ ಹೆಣೆ," ಎಂದಳು. "ಹ್ಯಾಂಗಿರತ್ತ್ ಅದ್?"