ಸುಟ್ಟ ಟ್ಯಾಂಕಿನ ಪಕ್ಕದ ಚಾದಂಗಡಿ

ಕುವೈತ್ ಯುದ್ಧ ಮುಗಿದು ಒಂದೆರಡು ವರ್ಷಗಳಾಗಿದ್ದವು. ಅಲ್ಲಿ ಕೆಲಸಕ್ಕಿದ್ದ ನನ್ನ ಗೆಳೆಯ ರಜೆಯಲ್ಲಿ ಬಂದು ಉಪ್ಪಳದಲ್ಲಿ ಹೊಸ ಮನೆ ಕಟ್ಟಿಸಿದ್ದ. ನಾನು ಅಲ್ಲೇ ಹೈವೇ ಬದಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಒಂದು ದಿನ ಅವನು ಬಂದು, "ಒಂದು ಟ್ಯಾಂಕಿಗೆ ಪೈಂಟ್ ಕೊಡ್ಲಿಕ್ಕೆ ಉಂಟು ಮಾರಾಯ" ಎಂದ.

ಏಣಿ, ಅಗಲದ ಬ್ರಶ್ಶು, ಒಂದು ಡಬ್ಬ ಬಿಳಿ ಬಣ್ಣ ಹೊತ್ತುಕೊಂಡು ಹೋದೆ. ತಾರಸಿಯಲ್ಲಿ ನೀರಿನ ಟ್ಯಾಂಕು ಹುಡುಕುತ್ತಿದ್ದ ನನ್ನನ್ನು ಅವನು ಕೆಳಗೆ ಕರೆದು, ಕೈಗೆ ಒಂದು ಪ್ಲಾಸ್ಟಿಕ್ಕಿನ ಯುದ್ಧ ಟ್ಯಾಂಕನ್ನು ಕೊಟ್ಟ. ಸಾಬೂನಿನ ಡಬ್ಬಿಯಷ್ಟಿತ್ತು. ತುಂಡು ತುಂಡು ಅಂಟಿಸಿ ಅವನೇ ಜೋಡಿಸಿದ್ದನಂತೆ.

"ಹೊಸತರ ಹಾಗೆ ಕಾಣಬಾರದು. ಗುಂಡು ತಾಗಿ, ಉರಿದು, ತುಕ್ಕು ಹಿಡಿದ ಹಾಗೆ ಬೇಕು. ಅಲ್ಲಿ ರಸ್ತೆ ಬದಿಯಲ್ಲಿ ಎಷ್ಟು ನೋಡಿದ್ದೇನೆ."

ಹಳತನ್ನು ಹೊಸತು ಮಾಡುವುದೇ ನನ್ನ ಕಸುಬು. ಇದು ಅದರ ತಿರುವುಮುರುವು. ಗುಜರಿ ಅಂಗಡಿಗೆ ಹೋಗಿ ಎಣ್ಣೆಯ ಡ್ರಮ್ಮುಗಳ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಎಂತ ಬೇಕು?" ಎಂದ ಅಂಗಡಿಯವ. "ತುಕ್ಕು ನೋಡ್ಲಿಕ್ಕೆ ಬಂದದ್ದು" ಎಂದೆ. ಅವನು ಎದ್ದು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದ.

ಸೂಜಿ ಕಾಯಿಸಿ ಗುಂಡಿನ ತೂತು ಮಾಡಿದೆ. ತೂತಿನ ಸುತ್ತ ಚಿಮಣಿ ದೀಪದ ಮಸಿ, ಅದರಾಚೆ ಬೂದಿ ಬಣ್ಣ, ಅಂಚಿಗೆ ಕಾವಿ ಮತ್ತು ಕಂದು. ಸ್ಪಂಜಿನ ಚೂರಿನಿಂದ ಒತ್ತಿದರೆ ಬಣ್ಣ ಎದ್ದುಹೋದ ಹಾಗೆಯೇ ಕಾಣುತ್ತಿತ್ತು. ಗೆಳೆಯನಿಗೆ ಬಹಳ ಹಿಡಿಸಿತು. ಪಡಸಾಲೆಯ ಶೋಕೇಸಿನಲ್ಲಿ, ಪಿಂಗಾಣಿ ಬಟ್ಟಲುಗಳ ನಡುವೆ ಇಟ್ಟ. ಆಗ ಅವನ ತಾಯಿ ಬಂದರು; ನಾನೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆ.

"ಹೊಸ ಸಾಮಾನು ಕೊಟ್ಟದ್ದಲ್ವಾ ಮಗ? ಹೀಗೆ ಯಾಕೆ ಮಾಡಿದ್ದು?"

"ಇದು ಯುದ್ಧದಲ್ಲಿ ಸುಟ್ಟುಹೋದದ್ದು ಉಮ್ಮ" ಎಂದೆ.

"ಒಳಗೆ ಇದ್ದವರು?"

"ಯಾರೂ ಇಲ್ಲ. ಪ್ಲಾಸ್ಟಿಕ್ ಅಲ್ವಾ."

"ಯಾರೂ ಇಲ್ಲದೆ ಅದು ಯುದ್ಧಕ್ಕೆ ಹೇಗೆ ಹೋಯ್ತು?"

ಯುದ್ಧದ ಸುದ್ದಿ ಬಂದಾಗ ಮಗ ಎಲ್ಲಿದ್ದಾನೆಂದು ತಿಳಿಯದೆ ಅವರು ಎಷ್ಟೋ ವಾರ ಬಾಗಿಲಲ್ಲೇ ಕೂತಿದ್ದನ್ನು ನಾನು ಕಂಡಿದ್ದೆ. "ಮೇಲಿನ ಆ ಮುಚ್ಚಳ ತೆರೆದಿಡು" ಎಂದರು. "ಒಳಗಿನ ಮಕ್ಕಳು ಹೊರಗೆ ಬರಲಿ."

ಬ್ಲೇಡು ಕಾಯಿಸಿ ಮುಚ್ಚಳ ಕತ್ತರಿಸಿ, ತೆರೆದ ಹಾಗೆ ಅಂಟಿಸಿ ತಂದೆ. ಉಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಬಂದವರು ಎಲ್ಲಿ ಹೋದರು?"

ಪ್ಲೈವುಡ್ಡಿಗೆ ಗೋಂದು ಬಳಿದು, ಕಡಲ ಕರೆಯ ಹೊಯಿಗೆ ಉದುರಿಸಿ, ಕಡ್ಡಿಯ ತುದಿಯಿಂದ ಹೆಜ್ಜೆ ಗುರುತು ಒತ್ತಿದೆ. ಉಮ್ಮ ಆ ಹೆಜ್ಜೆಗಳ ಮೇಲೆ ಬೆರಳು ನಡೆಸಿಕೊಂಡು ಹಲಗೆಯ ಅಂಚಿಗೆ ಬಂದು ನಿಂತರು.

"ಇಲ್ಲಿಂದ ಎಲ್ಲಿಗೆ?"

"ಅಲ್ಲಿ ಎಂತದೂ ಇಲ್ಲ ಉಮ್ಮ, ಬರೀ ಮರಳು" ಎಂದ ಗೆಳೆಯ.

"ಹಾಗಾದರೆ ಬಾಯಾರಿ ಸಾಯುವುದಾ? ಒಂದು ಚಾದಂಗಡಿ ಮಾಡು ಮಗ."

ಗೆಳೆಯನಿಗೆ ಸಿಟ್ಟು ಬಂತು. ತಾನು ಕಣ್ಣಾರೆ ಕಂಡ ಜಾಗ, ಅಲ್ಲಿ ಚಾದಂಗಡಿ ಎಲ್ಲಿಂದ ಬರಬೇಕು ಎಂದು ನನ್ನ ಹತ್ತಿರ ಜಗಳಾಡಿದ. ನಾನು ಇನ್ನೊಂದು ಹಲಗೆ ಜೋಡಿಸಿ, ಬೆಂಕಿಪೆಟ್ಟಿಗೆಯಿಂದ ಅಂಗಡಿ ಕಟ್ಟಿ, ಮೇಲೆ ಸೋಗೆ ಹೊದೆಸುತ್ತಿದ್ದಾಗ ಅವನೇ ಬಂದ. ಬಗ್ಗಿ ಸೋಗೆಯನ್ನು ಬೆರಳಿನಿಂದ ಎತ್ತಿ ನೋಡಿದ.

"ಅಲ್ಲಿ ಸೋಗೆ ಸಿಗುವುದಿಲ್ಲ. ತಗಡು ಹಾಕು. ಅದಕ್ಕೂ ತುಕ್ಕು ಬೇಕು."

ತಗಡಿಗೂ ತುಕ್ಕು ಬಳಿದೆ. ಪೆನ್ನಿನ ರೀಫಿಲ್ ಕತ್ತರಿಸಿ ಚಾದ ಗ್ಲಾಸು ಮಾಡಿದೆವು. ಎಲ್ಲ ಸೇರಿ ಎಷ್ಟು ಉದ್ದವಾಯಿತೆಂದರೆ ಬಡಗಿಯನ್ನು ಕರೆಸಿ ಶೋಕೇಸಿನ ಗಾಜು ತೆಗೆಸಬೇಕಾಯಿತು. ಪಿಂಗಾಣಿ ಅಡುಗೆಮನೆಗೆ ಹೋಯಿತು.

ಮನೆ ಒಕ್ಕಲಿನ ದಿನ ಬಂದ್ಯೋಡಿನಿಂದ ಬಂದ ಹಿರಿಯರೊಬ್ಬರು ಅದರ ಮುಂದೆ ನಿಂತು ಕೇಳಿದರು. "ಅಂಗಡಿಯಲ್ಲಿ ಯಾರೂ ಕಾಣುವುದಿಲ್ಲವಲ್ಲ?"

ತುಪ್ಪದನ್ನದ ತಟ್ಟೆ ಹಿಡಿದು ಬರುತ್ತಿದ್ದ ಉಮ್ಮ ನಿಲ್ಲಲೂ ಇಲ್ಲ. "ಚಾ ಕುಡಿದು ಹೋದರು. ಬಸ್ಸು ಬಂತಲ್ಲ."

ಹಿರಿಯರು ಸಮಾಧಾನದಿಂದ ತಲೆಯಾಡಿಸಿದರು. ಗೆಳೆಯ ನನ್ನ ಮುಖ ನೋಡಿದ. ಇನ್ನು ಬಸ್ಸೊಂದು ಮಾಡಬೇಕೇನೋ ಎಂದು ನಾನು ಊಟ ಮುಗಿಯುವವರೆಗೂ ಕಾದೆ. ಉಮ್ಮ ಕೇಳಲಿಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು.