ಗಯಾಸ ಮುಚ್ಚಿಸಿದ ಬೆಳಕಿಂಡಿ

ಮನೆಯಲ್ಲಿ ಕೂತ ಗಂಡಸನ್ನು ಕಂಡರೆ ಊರಿಗೆ ಅದೇನು ಸಂಕಟವೋ! ಸುರಪುರದ ದರ್ಜಿ ಸುಲ್ತಾನಸಾಬ ಯಾರ ತಂಟೆಗೂ ಹೋದವನಲ್ಲ. ಬಟ್ಟೆ ಹೊಲಿಸುವವರು ಅವನ ಮನೆಗೇ ಬರುತ್ತಾರೆ, ಅವನು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಹೆಂಡತಿ ಮಕ್ತುಂಬಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ, ಸಂತೆ ಮಾಡುತ್ತಾಳೆ, ನೆಂಟರ ಮದುವೆಗೂ ಒಬ್ಬಳೇ ಹೋಗಿ ಬರುತ್ತಾಳೆ. "ಸುಲ್ತಾನಸಾಬ ಗೋಷಾ ಹಿಡದಾನ" ಎಂದು ಓಣಿಯವರು ನಗುತ್ತಾರೆ. ನಗಲಿ. ನಕ್ಕವರ ಪೈಜಾಮ ಹೊಲಿದುಕೊಡುವವನೂ ಅವನೇ.

ಅವನದು ಹಳೆಯ ಮಣ್ಣಿನ ಮಾಳಿಗೆ ಮನೆ. ಕಿಟಕಿ ಎಂಬುದಿಲ್ಲ. ನಡುಮನೆಯ ಸೂರಿನಲ್ಲಿ ಹಿಟ್ಟು ನಾದುವ ಪರಾತದಷ್ಟಗಲದ ಒಂದು ಬೆಳಕಿಂಡಿ, ಅದರ ಕೆಳಗೆ ಹೊಲಿಗೆ ಮಿಷನ್ನು. ಬಿಸಿಲು ಬೆಳಿಗ್ಗೆ ಗೋಡೆಯ ಮೇಲಿರುತ್ತದೆ, ಮಧ್ಯಾಹ್ನ ನಡುಮನೆಗೆ ಇಳಿಯುತ್ತದೆ, ಸಂಜೆ ಒಲೆಯ ಕಡೆ ಸರಿಯುತ್ತದೆ. ಅದು ಸರಿದಂತೆ ಅವನೂ ಮಿಷನ್ನನ್ನು ಗೇಣು ಗೇಣಾಗಿ ಸರಿಸಿಕೊಳ್ಳುತ್ತಾನೆ. ಅಂಚಿನಲ್ಲಿ ಕೂತು ಇಣುಕುವ ಗುಬ್ಬಿ, ಕೂಗುತ್ತ ದಾಟುವ ಗಿಳಿಗಳು, ಗಾಳಿಗೆ ತೂರಿ ಬಂದು ಬಟ್ಟೆಯ ಮೇಲೆ ಬೀಳುವ ಬೇವಿನ ಹೂ. ಮೊದಲ ಮಳೆಯ ನಾಲ್ಕು ಹನಿ ಬಿದ್ದರೆ ಅಂಗೈಯಿಂದ ಒರೆಸಿ ಆ ಕೈಯನ್ನು ಮೂಸಿ ನೋಡುತ್ತಾನೆ. ಅಷ್ಟಿದ್ದರೆ ಅವನಿಗೆ ಸಾಕು.

ತಮ್ಮ ಗಯಾಸನಿಗೆ ಸಾಲದು. ಶಹಾಪುರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಗಯಾಸನಿಗೆ ಅಣ್ಣನೆಂದರೆ ಪ್ರಾಣ, ಆದರೆ ಅಣ್ಣನ ಮಾತು ಕಿವಿಗೆ ಬೀಳುವುದಿಲ್ಲ. "ಭಾಯಿ, ಮನ್ಯಾಗ ಕುಂತು ಕುಂತು ಬೂಷ್ಟ ಹಿಡದಿ. ಒಂದ ದಿನಾರ ನಿಸರ್ಗ ನೋಡ ನಡಿ" ಎಂದು ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಅವನನ್ನು ಗಾಡಿಗೆ ಹಾಕಿಕೊಂಡು ಬೋನಾಳದ ಕೆರೆಗೆ ಹೊರಟೇಬಿಟ್ಟ. ಮಕ್ತುಂಬಿ ಕೆಲಸವಿದೆ ಎಂದು ಉಳಿದಳು. ಕೆರೆಯ ದಂಡೆಯಲ್ಲಿ ಗಯಾಸ ಹಾಡು ಹಚ್ಚಿದ, ಬಿರಿಯಾನಿ ಬಿಚ್ಚಿದ, ಫೋಟೊ ಹೊಡೆದ. ಗದ್ದಲಕ್ಕೆ ಹಕ್ಕಿಗಳೆಲ್ಲ ಆಚೆ ದಂಡೆಗೆ ಹಾರಿಹೋದವು. "ಹೆಂಗದ ಭಾಯಿ, ಮಜಾ ಬಂತಿಲ್ಲ?" ಎಂದು ಕೇಳಿದಾಗ ಸುಲ್ತಾನಸಾಬ ಹಲ್ಲು ಕಚ್ಚಿ ಹೂಂಗುಟ್ಟಿದ. ಅವನಿಗೆ ಮನೆ ಸೇರಿದರೆ ಸಾಕಾಗಿತ್ತು.

ಸಂಜೆ ಮಕ್ತುಂಬಿ ಬಾಗಿಲು ತೆರೆದರೆ ಒಳಗೆ ಕತ್ತಲು. ಗಯಾಸ ಬಟನ್ ಒತ್ತಿದ. ಹೊಸ ಟ್ಯೂಬ್‌ಲೈಟು ಭಗ್ಗೆಂದಿತು. ಅವನ ಕೈಯಾಳುಗಳು ಹಗಲೆಲ್ಲ ಕೂತು ಬೆಳಕಿಂಡಿಗೆ ಕಬ್ಬಿಣದ ತಗಡು ಹೊದಿಸಿ, ಮೇಲೆ ಸಿಮೆಂಟು ಸುರಿದಿದ್ದರು. ಎದುರಿನ ಗೋಡೆಗೆ ಆಳೆತ್ತರದ ಜಲಪಾತದ ಫ್ಲೆಕ್ಸು.

"ಸೋರೋದು ನಿಂತು, ನಿಸರ್ಗನೂ ಮನಿಗಿ ಬಂತು. ಇನ್ನ ನೀ ಹೊರಗ ಬರದಿದ್ರೂ ನಡೀತದ!" ಎಂದು ಗಯಾಸ ಚಪ್ಪಾಳೆ ತಟ್ಟಿದ.

ಸುಲ್ತಾನಸಾಬನಿಗೆ ಸಿಟ್ಟು ನೆತ್ತಿಗೇರಿತು. ಕತ್ತರಿ ತೆಗೆದುಕೊಂಡು ಜಲಪಾತವನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿ ಹಾಕಿದ.

"ಯಾರನ್ನ ಕೇಳಿ ಮುಚ್ಚಿದಿ? ನನ್ನ ಗೋರಿ ಇದು ಅಂತ ತಿಳದಿಯೇನು?"

"ಭಾಭಿನ್ನ ಕೇಳೀನಿ, ಭಾಯಿ" ಎಂದ ಗಯಾಸನ ದನಿ ಇಳಿದುಹೋಗಿತ್ತು. ಚಪ್ಪಲಿ ಮೆಟ್ಟಿ ಗಾಡಿಯ ಕಡೆ ನಡೆದ.

ಸುಲ್ತಾನಸಾಬ ಹೆಂಡತಿಯ ಕಡೆ ತಿರುಗಿದ. ಅವಳು ತಲೆ ತಗ್ಗಿಸಲಿಲ್ಲ.

"ಹೌದು, ನಾನೇ ಮುಚ್ಚು ಅಂದೀನಿ. ಮಳಿ ಬಂದಾಗ ಮಾಳಗಿ ಹತ್ತಿ ಕಿಂಡಿಗಿ ಕಲ್ಲು ಮುಚ್ಚಾಕಿ ಯಾರ್ರಿ? 'ತಡಿ, ಇನ್ನಷ್ಟು ಬೀಳ್ಲಿ' ಅಂತ ನೀವು ಮ್ಯಾಲ ನೋಡ್ಕೋತ ಕುಂಡ್ರತೀರಿ. ನಾ ತೊಯ್ಕೋತ ನಿಚ್ಚಣಕಿ ಹತ್ತಬೇಕು. ಹ್ವಾದ ವರ್ಷ ಜಾರಿ ಬಿದ್ದು ಮೊಣಕಾಲು ಬಾತಾಗ ಏನಂದ್ರಿ, ನೆಪ್ಪದ ಏನು? 'ಕಲ್ಲು ಸರಿ ಕುಂತಿಲ್ಲ, ಹನಿ ಬೀಳಾಕತ್ತಾವ' ಅಂದ್ರಿ. ನಿಮಗ ಆಕಾಶ ಬೇಕು. ಅದನ್ನ ಮುಚ್ಚೋದು ತೆರೆಯೋದು ಮಾತ್ರ ನಾನು!"

ಅವನ ಸಿಟ್ಟು ಇನ್ನಷ್ಟು ಏರಿತು. ಪಕ್ಕದ ಮನೆಯ ದೇವಿಂದ್ರಪ್ಪನ ಹಾರೆ ಇಸಿದುಕೊಂಡು ಮಾಳಿಗೆ ಹತ್ತಿದ. ಮಕ್ತುಂಬಿ ನಿಚ್ಚಣಿಕೆ ಹಿಡಿಯಲಿಲ್ಲ. ಸಿಮೆಂಟು ಇನ್ನೂ ಹಸಿಯಾಗಿತ್ತು. ಅದನ್ನು ಕೆದರಿ, ತಗಡನ್ನು ಎಬ್ಬಿಸಿ ಓಣಿಗೆ ಎಸೆದ. ಓಣಿಯ ನಾಯಿಗಳೆಲ್ಲ ಬೊಗಳಿದವು.

ಆಮೇಲೆ ಅವಳು ಬಡಿಸುತ್ತಾಳೆ, ಅವನು ಉಣ್ಣುತ್ತಾನೆ, ಅಷ್ಟೇ. ಬಿಸಿಲು ಮತ್ತೆ ನಡುಮನೆಗೆ ಇಳಿಯಿತು, ಗುಬ್ಬಿಯೂ ಬಂತು. ಆದರೆ ತಲೆ ಎತ್ತಿದಾಗಲೆಲ್ಲ ಹೆಂಡತಿಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿ, ಹೊಲಿಗೆ ಸೊಟ್ಟಾಗುತ್ತಿತ್ತು. ತನ್ನ ಮನೆಯಲ್ಲೇ ತನಗೆ ಇಷ್ಟು ಸುಖವೂ ಬೇಡವೇ ಎಂದು ಒಳಗೊಳಗೇ ಕುದಿದ.

ಆ ವಾರವೇ ಮಳೆ ಬಂತು, ಅದೂ ಒಮ್ಮೆಲೇ ಧೋ ಎಂದು. ಮಕ್ತುಂಬಿ ಅಕ್ಕಿ ಆರಿಸುತ್ತ ಕೂತವಳು ಮೊರ ಕೆಳಗಿಡಲಿಲ್ಲ. ನೀರು ಮಿಷನ್ನಿನ ಮೇಲೆ, ಯಾರದೋ ಮದುವೆಯ ಬಟ್ಟೆಯ ಮೇಲೆ ಬೀಳತೊಡಗಿತು. ಸುಲ್ತಾನಸಾಬ ಬಟ್ಟೆ ಎಳೆದು ಮೂಲೆಗೆಸೆದು, ಗೊಣಗುತ್ತ, ಬೈಯುತ್ತ, ನಿಚ್ಚಣಿಕೆ ಏರಿದ.

ಗಯಾಸನ ಆಳುಗಳು ಕಲ್ಲನ್ನು ಮೂಲೆಗೆ ತಳ್ಳಿದ್ದರು. ಒಂದು ಕೈಯಿಂದ ಎಳೆದ, ಅಲುಗಲಿಲ್ಲ. ಎರಡೂ ಕೈ ಹಾಕಿದ, ಬೆರಳು ಜಾರಿದವು. ಕೆಸರಿನಲ್ಲಿ ಮಂಡಿಯೂರಿ, ಎದೆ ಕೊಟ್ಟು ನೂಕಿದ. ನೀರು ಕಣ್ಣಿಗೆ ಹೊಡೆಯುತ್ತಿತ್ತು. ತಮ್ಮನನ್ನು ಬೈಯಲು ಬಾಯಿ ತೆರೆದ, ಹೆಂಡತಿಯನ್ನು ಬೈಯಲು ತೆರೆದ, ಎರಡೂ ಬರಲಿಲ್ಲ. "ಥೂ, ನಿನ್ನ" ಎಂದು ತನ್ನನ್ನೇ ಬೈದುಕೊಂಡ. ಮದುವೆಯಾಗಿ ಇಷ್ಟು ವರ್ಷವಾದರೂ ಈ ಕಲ್ಲು ಎಷ್ಟು ಭಾರವಿದೆಯೆಂದು ಅವನಿಗೆ ಗೊತ್ತಿರಲಿಲ್ಲ.